ಕೇಶವಣ್ಣನ ಬಾಗಿಲು

ಬಸವೇಶ್ವರನಗರ, ಬೆಂಗಳೂರು
೧೨ ಫೆಬ್ರವರಿ ೨೦೨೫

ಪ್ರೀತಿಯ ಕೇಶವಣ್ಣ,

ಮಂಡಿನೋವು ಹೇಗಿದೆ? ಮೈಸೂರಿನ ಚಳಿ ನಿನಗೆ ಮೊದಲಿನಿಂದಲೂ ಆಗದು, ಕಾಲುಚೀಲ ಹಾಕಿಕೊಂಡೇ ಮಲಗು. ನಾನು ಇದ್ದೇನೆ. ಇವರು ಹೋಗಿ ಎರಡು ವರ್ಷವಾಗುತ್ತಾ ಬಂತು. ಜೈಲಿನಲ್ಲಿ ತಿಂದ ಪೆಟ್ಟಿಗೆ ಇವರ ಕಿವಿ ಕೆಟ್ಟಿತ್ತಲ್ಲ, ಜೋರಾಗಿ ಮಾತಾಡಿ ಮಾತಾಡಿ ನನಗೆ ಅದೇ ಅಭ್ಯಾಸ. ಈಗಲೂ 'ಕಾಫಿ ಆಯ್ತು, ಬನ್ನಿ' ಎಂದು ಕೂಗಿಬಿಡುತ್ತೇನೆ. ಕೂಗಿದ ಮೇಲೆ ಮನೆ ಇನ್ನಷ್ಟು ಖಾಲಿ ಅನ್ನಿಸುತ್ತದೆ.

ತುರ್ತುಪರಿಸ್ಥಿತಿಯಲ್ಲಿ ನಾವು ಬದುಕಿದ್ದನ್ನು ಬರೆದೆ, ಪುಸ್ತಕವಾಗಿದೆ. ಇಪ್ಪತ್ತಮೂರನೇ ತಾರೀಖು ಭಾನುವಾರ ಬೆಳಿಗ್ಗೆ ನಮ್ಮ ಮನೆ ಹತ್ತಿರದ ಆರ್‌ಪಿಸಿ ಲೇಔಟಿನ ಸಭಾಂಗಣದಲ್ಲಿ ಬಿಡುಗಡೆ. ಕಾರ್ಖಾನೆಯ ಸಂಘದ ಕಾರ್ಯದರ್ಶಿ ಎಂಬ ಕಾರಣಕ್ಕೆ ಇವರನ್ನು ಊಟದ ತಟ್ಟೆಯ ಮುಂದಿನಿಂದ ಎಬ್ಬಿಸಿಕೊಂಡು ಹೋದದ್ದು, ಯಾವ ಜೈಲು ಎಂದು ಯಾರೂ ಹೇಳದೇ ಹೋದದ್ದು, ರಾಜಾಜಿನಗರದ ನಲ್ಲಿಗೆ ನಾನು ಹೋದರೆ ಹೆಂಗಸರು ಬಿಂದಿಗೆ ಎತ್ತಿಕೊಂಡು ಸರಿಯುತ್ತಿದ್ದದ್ದು, ಎಲ್ಲ ಬರೆದೆ. ಮನೆಯ ಮಾಲೀಕರು, 'ಬೇಜಾರ್ ಮಾಡ್ಕೋಬೇಡಮ್ಮ, ಪೊಲೀಸ್ನೋರು ದಿನಾ ಬರ್ತಾರೆ, ನಮ್ಗೂ ಹೆಣ್ಮಕ್ಳಿದಾರೆ' ಎಂದು ಮನೆ ಬಿಡಿಸಿದರು. ಕಂಕುಳಲ್ಲಿ ಮಗಳು ಸುಮಾ, ಮೈ ಜ್ವರದಿಂದ ಸುಡುತ್ತಿತ್ತು. ನೀನೂ ಆಗ ಬೆಂಗಳೂರಿನಲ್ಲೇ ಇದ್ದೆ, ಆ ಸಂಜೆ ನಿನ್ನ ಮನೆಗೆ ಬಂದೆ. ಒಳಗೆ ರೇಡಿಯೊ ಹಾಡುತ್ತಿತ್ತು. ನಾನು ಬಾಗಿಲು ತಟ್ಟಿದೆ, ಅದು ನಿಂತಿತು. ಬಾಗಿಲ ಸಂದಿಗೆ ಬಾಯಿಟ್ಟು ನೀನು ಹೇಳಿದೆ: 'ಹೋಗ್ಬಿಡಮ್ಮ, ಸರ್ಕಾರಿ ಕೆಲ್ಸ, ಹೋಗ್ಬಿಡತ್ತೆ ಕಣೆ.'

ಕೆಂಗೇರಿಯಲ್ಲಿ ಊದುಬತ್ತಿ ಹೊಸೆಯುತ್ತಿದ್ದ ಭಾಗವ್ವ ತನ್ನ ಒಂಟಿ ಕೋಣೆಯಲ್ಲಿ ಜಾಗ ಕೊಟ್ಟಳು. 'ನನ್ ಯಾವ್ ಕೆಲ್ಸ ಕಿತ್ಕೋತಾರೆ, ಬಾ ಒಳೀಕೆ' ಎಂದಳು. ಮಗುವಿಗೆ ಕಷಾಯ ಕುಡಿಸಿ ಉಳಿಸಿದವಳೂ ಅವಳೇ. ಇವರು ಬಿಡುಗಡೆಯಾಗಿ ಬರುವವರೆಗೆ ನಾನೂ ಅವಳ ಜೊತೆ ಬತ್ತಿ ಹೊಸೆದೆ.

ಅಂದಿನಿಂದ ನೀನು ನನ್ನ ಮುಖ ನೋಡಿ ಮಾತಾಡಲಿಲ್ಲ. ಇವರು ತೀರಿಕೊಂಡ ದಿನವೂ ಗೇಟಿನಾಚೆ ನಿಂತು ಹಾಗೇ ಹೊರಟುಹೋದೆಯಂತೆ. ನನಗೆ ಸಿಟ್ಟಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಬರೆಯುತ್ತಾ ಹೋದಂತೆ, ಬಾಗಿಲ ಒಳಗೆ ನಿಂತವನೂ ನನ್ನಷ್ಟೇ ಹೆದರಿರಬೇಕು ಎಂದು ಹೊಳೆಯಿತು. ಅದನ್ನೂ ಬರೆದಿದ್ದೇನೆ. ಆ ದಿನಗಳು ನಿನ್ನನ್ನೂ ನನ್ನಿಂದ ಕಿತ್ತುಕೊಂಡವು.

ಅತ್ತಿಗೆಗೆ ನಮಸ್ಕಾರ ತಿಳಿಸು. ಮಾತ್ರೆ ತಪ್ಪಿಸಬೇಡ.

ನಿನ್ನ ತಂಗಿ,
ಚಿಕ್ಕಲಕ್ಷ್ಮಮ್ಮ

ತಾ.ಕ.: ನಿನ್ನ ಹೆಸರು ಹಾಕಲೇಬೇಕೆಂದು ಸುಮಾ ಹಟ ಮಾಡಿದಳು. ಹಾಕಿಲ್ಲ, 'ಒಬ್ಬ ಬಂಧು' ಎಂದಷ್ಟೇ ಇದೆ. ಸಭೆಯಲ್ಲಿ ಯಾರಿಗೂ ಗೊತ್ತಾಗದು, ಬಾ. ಸುಮಾ ಓಡಾಟದಲ್ಲಿರುತ್ತಾಳೆ. ನನ್ನ ಪಕ್ಕದಲ್ಲಿ ಕೂರಲು ತವರಿನವರು ಅಂತ ನೀನೊಬ್ಬನೇ ಉಳಿದಿದ್ದೀಯ.