ಎಡಗಡೆ ಸ್ಪೀಕರ್

ಮಾರ್ಚ್ 3, ಸೋಮವಾರ. ಸಂಜೆ ಆರೂಕಾಲು.

...ಮೂರನೇ ನಂಬರ್ ಪಂಪಿನ ಬೇರಿಂಗ್ ಹೋಗ್ತಿದೆ ಅಂದೆ. ಫೋರ್‌ಮನ್ ಒಪ್ಪಲಿಲ್ಲ. ಉದ್ದ ಸ್ಕ್ರೂಡ್ರೈವರಿನ ತುದಿ ಬೇರಿಂಗ್ ಮೇಲಿಟ್ಟು, ಹಿಡಿ ತಂದು ಎಡಗಿವಿಯ ಹಿಂದಿನ ಮೂಳೆಗೆ ಒತ್ತಿದೆ. ಇಪ್ಪತ್ತಾರು ವರ್ಷದಿಂದ ನನ್ನ ಪದ್ಧತಿ ಇದೇ, ಬಲಗೈಲಿ ಸ್ಪ್ಯಾನರ್ ಇರುತ್ತಲ್ಲ. ಒಳಗೆ ಯಾರೋ ಮರಳು ಅಗೀತಿರೋ ಹಾಗೆ ಕರಕರ. ಬಿಚ್ಚಿದ್ರೆ ಒಂದು ಗುಂಡು ಒಡೆದಿತ್ತು. "ಕಿವಿಯಣ್ಣ, ರಿಟೈರ್ ಆದಾಗ ಆ ಕಿವಿ ಮಾತ್ರ ಇಲ್ಲೇ ಬಿಟ್ಟು ಹೋಗಪ್ಪ" ಅಂದ ಫೋರ್‌ಮನ್.

ಈಗ ಪಂಪ್‌ಹೌಸ್ ಗೇಟಿನ ಹೊರಗೆ ಬೆಂಚಿನ ಮೇಲೆ ಕೂತಿದೀನಿ. ಕಾಲು ಸೋತಿದೆ. ಬರೆಯೋ ಅಭ್ಯಾಸ ಇಲ್ಲ, ಮಾತಾಡೋ ಚಟ ಇದೆ, ಅದಕ್ಕೇ ಫೋನಿಗೆ ಹೇಳೋದು. ಮನೇಲಿ ನಾನು, ನನ್ನ ಹೆಂಡ್ತಿ, ಇಬ್ಬರೇ. ಇವಳಿಗೆ ಎರಡು ವರ್ಷದಿಂದ ಮಾತು ಸತ್ತುಹೋಗಿದೆ. ಊಟಕ್ಕೆ ಕೂತ್ರೆ ಬಲಗಡೆ ಕಿಟಕಿ, ಅದರಾಚೆ ಬಸ್ಸುಗಳ ಸದ್ದು. ಎಡಗಡೆ ಇವಳು. ಏನೋ ಗೊಣಗ್ತಾಳೆ. ನಾನು ಹ್ಞೂಂ ಅಂತೀನಿ. ಅಲ್ಲಿಗೆ ಸಂಸಾರ ಮುಗೀತು ಆ ದಿನಕ್ಕೆ.

ಒಂದು ಕಾಲದಲ್ಲಿ ಪಕ್ಕದ ಮನೆಯೋರು "ಅಕ್ಕ, ಸ್ವಲ್ಪ ಮೆಲ್ಲಗೆ" ಅಂತಿದ್ರು ಇವಳಿಗೆ.

ಹಾಡು ಕೇಳೋದಕ್ಕೆ ಒಂದು ಸೆಟ್ ಜೋಡಿಸ್ಬೇಕು ಅಂತಿದೀನಿ. ಹೊಸದು ನಮ್ಮ ಯೋಗ್ಯತೆಗಲ್ಲ. ಹಳೇ ಸಾಮಾನು ಹುಡುಕಿ, ನನ್ನ ಕೈಯಾರೆ. ಅಷ್ಟಾದ್ರೂ ಸದ್ದಿರಲಿ ಮನೇಲಿ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ.

ಡ್ಯಾನ್ಸ್ ಕ್ಲಾಸ್ ಒಂದು ಮುಚ್ತಾ ಇತ್ತು, ಆಂಪ್ಲಿಫೈಯರ್ ಅಲ್ಲಿಂದ ಬಂತು. ಮುಂದೆ ನಾಲ್ಕು ಗುಂಡಿ, ಒಂದಕ್ಕೆ ತಲೆ ಇಲ್ಲ. ಸ್ಪೀಕರ್ ಜೋಡಿ ಮೂಲೆ ಅಂಗಡಿಯ ರೇಡಿಯೊ ಮಾಮನ ಹತ್ರ. ಕಾಗದದ ಕೋನ್ ತಟ್ಟಿ ನೋಡಿದೆ, ಗಟ್ಟಿ ಇದೆ. ಪೆಟ್ಟಿಗೆಗೆ ಹಳೇ ಬೀರುವಿನ ಪ್ಲೈವುಡ್. ಕೊಯ್ದು ಕೊಯ್ದು ಭುಜ ಬಿದ್ದುಹೋಯ್ತು. ವಯಸ್ಸು ಐವತ್ತು ಅಂದ್ರೆ ಐವತ್ತೇ.

ಮುಂಭಾಗಕ್ಕೆ ಬಟ್ಟೆ ಹೊಲಿದುಕೊಡು ಅಂದಿದ್ದೆ ಇವಳಿಗೆ. ಹಾಲಿನ ಎಡ ಮೂಲೇಲಿ ಇವಳ ಹೊಲಿಗೆ ಮೆಷಿನ್ನು, ಸುತ್ತ ಗಿರಾಕಿಗಳ ಬಟ್ಟೆ ಗಂಟು. ಬೂದು ಬಣ್ಣ ಇರಲಿ ಅಂತ ನನ್ನ ಮನಸ್ಸಲ್ಲಿತ್ತು. ಕಂದು ಹೊಲಿದು ಮುಂದಿಟ್ಟಳು.

"ಯಾರು ಹೇಳಿದ್ದು ಕಂದು ಅಂತ?"

"ಎರಡು ಸಲ ಕೇಳ್ದೆ. ಎರಡು ಸಲಾನೂ ಹ್ಞೂಂ ಅಂದ್ರಿ."

ಕೇಳೇ ಇಲ್ಲ ಇವಳು. ವಾದ ಮಾಡೋಕೂ ತ್ರಾಣ ಬೇಕು. ಕಂದೇ ಇರಲಿ.

ಮಾರ್ಚ್ 16, ಭಾನುವಾರ. ಸಂಜೆ.

ಜೋಡಿಸಿದೆ. ಹಾಕಿದೆ. ಕೊಳಲು ಬಲಗಡೆಯಿಂದ ಬರ್ಬೇಕು, ಪಿಟೀಲು ಎಡಗಡೆಯಿಂದ. ಕೊಳಲು ಬಂತು. ಪಿಟೀಲಿನೋನು ರಜೆ ಹಾಕಿದಾನೆ. ಪಕ್ಕದ ಬೀದೀಲಿ ಎಲ್ಲೋ ಕೂತು ಬಾರಿಸ್ತಿರೋ ಹಾಗೆ.

ಎಡಗಡೆ ಸ್ಪೀಕರ್ ಸರಿಯಿಲ್ಲ. ಎರಡನ್ನೂ ಅದಲು ಬದಲು ಮಾಡಿದೆ. ಆಗಲೂ ಎಡಗಡೆಯೇ ಮಂಕು. ಹಾಗಾದ್ರೆ ವೈರು. ವೈರೂ ಬದಲಾಯಿಸಿದೆ... ಎಡಗಡೆಯೇ.

ಇವಳನ್ನ ಕೇಳಿದೆ. ಎದುರಿಗೆ ನಿಂತು "ಎರಡೂ ಒಂದೇ ಥರ ಇದೆಯಲ್ಲ" ಅಂದಳು. ಹೊಲಿಗೆಯೋಳಿಗೆ ಏನು ಗೊತ್ತಾಗುತ್ತೆ ಅಂದ್ಕೊಂಡೆ. ತಪ್ಪು ಅದು. ಆದ್ರೆ ಅಂದ್ಕೊಂಡೆ.

ಮಾರ್ಚ್ 18, ಮಂಗಳವಾರ. ಸಂಜೆ ಆರೂವರೆ.

ರೇಡಿಯೊ ಮಾಮನನ್ನೇ ಮನೆಗೆ ಕರ್ಕೊಂಡು ಬಂದೆ. ಮೀಟರ್ ಹಾಕಿ, ಕನ್ನಡಕ ಮೇಲೆತ್ತಿ, ಎರಡೂ ಕಡೆ ನೋಡಿದ.

"ಎರಡೂ ಸರಿಸಮ ಇದೆಯಲ್ಲ ಸ್ವಾಮಿ."

"ಇಲ್ಲ ಮಾಮ. ಎಡಗಡೆ ಕಮ್ಮಿ."

"ಮೀಟರ್ ಸುಳ್ಳು ಹೇಳುತ್ತಾ? ಇನ್ನು ನಿಮ್ಮ ಕಿವಿಗೇ ಮೀಟರ್ ಹಾಕ್ಬೇಕಷ್ಟೆ."

ಮೈ ಉರೀತು. ಯಾರ ಕಿವಿಗೆ? ಮೊನ್ನೆ ಕಬ್ಬಿಣದೊಳಗೆ ಒಡೆದ ಗುಂಡು ಹುಡುಕಿದ್ದು ಯಾರು? ಅದೂ ಇದೇ ಎಡಗಿವೀಲಿ. ಪಂಪ್‌ಹೌಸಿನ ಆ ಗದ್ದಲದಲ್ಲಿ ಎಲ್ಲರ ಮಾತೂ ನನಗೆ ತಿಳಿಯುತ್ತೆ. ಟೀ ಕೊಟ್ಟು ಕಳಿಸಿದೆ. ಸಕ್ಕರೆ ಹಾಕೋಕೆ ಮನಸ್ಸು ಬರಲಿಲ್ಲ.

ತಪ್ಪು ಕಿವೀದಲ್ಲ, ಜಾಗದ್ದು. ಆ ಬಟ್ಟೆ ಗಂಟುಗಳೇ ಸದ್ದು ನುಂಗ್ತಿರೋದು.

ಮಾರ್ಚ್ 20, ಗುರುವಾರ. ಬೆಳಗ್ಗೆ, ಬಸ್ ಸ್ಟಾಪಲ್ಲಿ.

ಹೇಳಿದೆ ಇವಳಿಗೆ. ಮೆಷಿನ್ನು, ಗಂಟು ಎಲ್ಲ ಹಿಂದಿನ ಜಗಲಿಗೆ ಹಾಕೋಣ, ಮೂಲೆ ಖಾಲಿ ಆಗ್ಬೇಕು ಅಂತ. ಮೆಷಿನ್ ನಿಲ್ಲಿಸಿದಳು. ಸೂಜಿಯಿಂದ ದಾರ ಕಿತ್ತಳು. ನಾನು ಶೂ ಹಾಕ್ಕೋತಾ ಬಗ್ಗಿದ್ದೆ. ಏನೋ ಅಂದಳು. ಹ್ಞೂಂ ಅಂದೆ.

ಬಸ್ಸು ಬಂತು...

ಮಾರ್ಚ್ 29, ಶನಿವಾರ. ಸಂಜೆ.

ಇವಳು ಅಕ್ಕನ ಮನೆಗೆ ಹೋಗಿ ಮೂರು ದಿನ ಆಯ್ತು. ಅಲ್ಲಿ ಹೊಲಿಗೆ ಅಂಗಡೀಲಿ ಕೆಲಸ ಇದೆಯಂತೆ. ಸೂಟ್‌ಕೇಸ್ ಹಿಡ್ಕೊಂಡು ನಿಂತಾಗ ಕೇಳಿದೆ, ಯಾವಾಗ ನಿರ್ಧಾರ ಆಯ್ತು ಇದೆಲ್ಲ? ನನ್ನ ಮುಖಾನೇ ನೋಡಿದಳು. "ಊಟದ ಹೊತ್ತಲ್ಲಿ ನಾಲ್ಕು ದಿನ ಹೇಳಿದೀನಿ" ಅಂದಳು. ಆಟೋ ಹತ್ತಿದಳು.

ಮೂಲೆ ಖಾಲಿ. ಮೆಷಿನ್ ಜಗಲೀಲಿ, ಮೇಲೆ ಹಳೇ ದುಪ್ಪಟಿ. ಎಡಗಡೆ ಸ್ಪೀಕರ್ ಈಗಲೂ ಮಂಕು.

ಏಪ್ರಿಲ್ 2, ಬುಧವಾರ. ಬೆಂಚ್. ಐದು ಮುಕ್ಕಾಲು.

ಫೋನ್ ಮಾಡಿದ್ದೆ. ಬಲಗಿವಿಗೆ ಒತ್ತಿ ಹಿಡಿದಿದ್ದೆ. ಆಶ್ಚರ್ಯ, ಇವಳ ದನಿ ಹಳೇ ಥರವೇ ಇದೆ. ಕಂಚು.

"ಆವತ್ತು ಬೆಳಗ್ಗೆ ಕೇಳ್ದೆನಲ್ಲ. ಮೆಷಿನ್ ಹೊರಗೆ ಹಾಕೋದಾದ್ರೆ, ಅದರ ಜೊತೆ ನಾನೂ ಹೋಗ್ಲಾ ಅಂತ."

"ನಾನೇನಂದೆ?"

"ಹ್ಞೂಂ ಅಂದ್ರಿ. ತಲೆ ಕೂಡ ಎತ್ತಲಿಲ್ಲ."



ಏಪ್ರಿಲ್ 5, ಶನಿವಾರ. ಬೆಳಗ್ಗೆ ಹತ್ತು.

ಇವತ್ತು ರಜೆ. ಹಾಡು ಹಾಕ್ಕೊಂಡು ಸ್ಪೀಕರ್ ಮುಂದೆ ಕೂತಿದ್ದೆ. ಚೀಲದಲ್ಲಿ ಸ್ಕ್ರೂಡ್ರೈವರ್ ಇತ್ತು. ಯಾಕೆ ತೆಗೆದೆನೋ... ಅಭ್ಯಾಸ. ಕೆಟ್ಟ ಯಂತ್ರ ಎದುರಿಗಿದ್ರೆ ಕೈ ತಾನೇ ಹೋಗುತ್ತೆ. ತುದಿ ಎಡಗಡೆ ಪೆಟ್ಟಿಗೆ ಮೇಲಿಟ್ಟೆ, ಹಿಡಿ ಎಡಗಿವಿ ಹಿಂದಿನ ಮೂಳೆಗೆ.

ಪಿಟೀಲು. ಪೂರ್ತಿ. ಕಮಾನು ತಿರುಗೋದೂ ಗೊತ್ತಾಗ್ತಿತ್ತು.

ಸ್ಕ್ರೂಡ್ರೈವರ್ ತೆಗೆದೆ. ಇಲ್ಲ. ಇಟ್ಟೆ. ಇದೆ.

ಎಷ್ಟು ಸಲ ಹಾಗೆ ಮಾಡಿದೆನೋ. ಕೊನೆಗೆ ಕುರ್ಚಿ ತಿರುಗಿಸಿ, ಸ್ಪೀಕರುಗಳಿಗೆ ಬೆನ್ನು ಹಾಕಿ ಕೂತೆ. ಆಗ ಪಿಟೀಲು ಜೋರು, ಕೊಳಲು ಮಂಕು. ಸ್ಪೀಕರ್ ಇದ್ದಲ್ಲೇ ಇದೆ. ತಿರುಗಿದ್ದು ನಾನೊಬ್ಬನೇ.

ಮೂಳೆಗೆ ಒತ್ತಿದ್ರೆ ಕೇಳುತ್ತೆ, ಗಾಳೀಲಿ ಬಂದದ್ದು ಕೇಳಲ್ಲ. ಪಂಪುಗಳೆಲ್ಲ ಮೂಳೆ ಮೂಲಕ ಮಾತಾಡಿದ್ವು. ಇವಳು ಗಾಳೀಲಿ ಮಾತಾಡಿದಳು.

ಎದ್ದು ಹಾಡು ನಿಲ್ಲಿಸಿದೆ.

ಅದೇ ದಿನ. ಸಂಜೆ ಐದು.

ಫೋನ್ ಮಾಡಿ ಹೇಳಿದೆ. ನಂಬಲಿಲ್ಲ.

"ಪಂಪಿನೊಳಗಿನ ಮರಳು ಕೇಳುತ್ತೆ, ಪಕ್ಕದಲ್ಲಿ ಕೂತೋಳು ಕೇಳಿಸಲ್ವಾ? ಒಳ್ಳೇ ನೆಪ ಹುಡುಕಿದ್ರಿ."

"ನಿಜ ಕಣೇ."

"ಹಾಗಾದ್ರೆ ಎರಡು ವರ್ಷ ಗೋಡೆ ಹತ್ರ ಮಾತಾಡಿದೆನಾ ನಾನು?"

ಇಟ್ಟುಬಿಟ್ಟಳು. ಮುಂದಿನ ಭಾನುವಾರ ಬಂದು ಕತ್ತರಿ, ಅಳತೆ ಪುಸ್ತಕ ತಗೊಂಡು ಹೋಗ್ತಾಳಂತೆ. ಇಡೋ ಮುಂಚೆ ಅಷ್ಟೇ ಹೇಳಿದ್ದು.

ಏಪ್ರಿಲ್ 8, ಮಂಗಳವಾರ. ಆಸ್ಪತ್ರೆ ಮೆಟ್ಟಿಲ ಹತ್ರ.

ಕಿವಿ ಡಾಕ್ಟರಮ್ಮ ಒಂದು ಕಬ್ಬಿಣದ ಕವೆ ತಟ್ಟಿ ಝುಂ ಅನ್ನಿಸಿ, ಅದರ ಬುಡ ಕಿವಿ ಹಿಂದಿನ ಮೂಳೆಗೆ ಇಟ್ಟರು. ಅರೆ, ನನ್ನ ಸ್ಕ್ರೂಡ್ರೈವರೇ ಇದು ಅಂದೆ. ನಗಲಿಲ್ಲ ಅವರು. ಎಡಗಿವಿಯೊಳಗೆ ಅಕ್ಕಿಕಾಳಿನಷ್ಟು ಮೂಳೆ ಅಲ್ಲಾಡದೆ ಕೂತಿದೆಯಂತೆ. ಬಲಗಿವೀಲೂ ಶುರುವಾಗಿದೆಯಂತೆ. ಆಪರೇಷನ್ ಇದೆ, ಕಿವಿಗೆ ಹಾಕೋ ಮೆಷಿನ್ ಇದೆ, ಯೋಚನೆ ಮಾಡಿ ಅಂದರು.

"ಮನೇಲಿ ಯಾರೂ ಹೇಳಲಿಲ್ವಾ ನಿಮಗೆ?"

ಹೇಳಿರ್ತಾರೆ, ಅಂದೆ.

ಏಪ್ರಿಲ್ 13, ಭಾನುವಾರ. ಹನ್ನೊಂದೂವರೆ.

ಮೆಲ್ಲಗೆ ಹೇಳ್ತಿದೀನಿ. ಇವಳು ಅಡುಗೆಮನೇಲಿದಾಳೆ, ನೀರು ಕುಡೀತಿದಾಳೆ.

ಬೆಳಗ್ಗೆ ಎದ್ದು ಮೆಷಿನ್ ಒಳಗೆ ತಂದಿದ್ದೆ. ಒಬ್ಬನೇ ಎಳೆದೆ, ಸೊಂಟ ಹೋಯ್ತು. ಹಳೇ ಮೂಲೇಲಿ ಇಡಲಿಲ್ಲ. ಬಲಗಡೆ ಸ್ಪೀಕರ್ ತೆಗೆದು ಆ ಜಾಗದಲ್ಲಿ ಇಟ್ಟೆ. ಊಟದ ಮೇಜನ್ನೂ ತಿರುಗಿಸಿದೆ, ಈಗ ಕಿಟಕಿ ಎಡಗಡೆ. ಬಸ್ಸುಗಳು ಆ ಕಿವಿಗೇ ಕೂಗಲಿ.

ಬಂದಳು. ಮೆಷಿನ್ ನೋಡಿದಳು. ಮುಂದಿಟ್ಟ ಡಾಕ್ಟರಮ್ಮನ ಚೀಟಿ ಮುಟ್ಟಲೂ ಇಲ್ಲ. ಕೂತ್ಕೊಳಿ ಅಂದಳು, ಕಣ್ಣು ಮುಚ್ಚಿ ಅಂದಳು. ಕೂತೆ. ತುಂಬಾ ಹೊತ್ತು ಏನೂ ಇಲ್ಲ. ಬಸ್ಸು ಹೋಯ್ತು. ಹೋದಳೇನೋ ಅನ್ನಿಸ್ತು, ಕಣ್ಣು ಬಿಡೋಕೆ ಭಯ ಆಯ್ತು.

ಆಮೇಲೆ ಬಲಗಡೆ, ಹತ್ತಿರದಲ್ಲೇ: "ಇದು ಕೇಳಿಸ್ತಾ?"

"ಕೇಳಿಸ್ತು."

"ಆ ಕಡೆ ನಿಂತು ಏನಂದೆ ಹೇಳಿ."

"ಗೊತ್ತಿಲ್ಲ."

"ಒಳ್ಳೇದಾಯ್ತು ಬಿಡಿ. ಬಾಯಿಗೆ ಬಂದ ಹಾಗೆ ಬೈದೆ."

ದನಿ ಸರಿ ಇರಲಿಲ್ಲ ಇವಳದು. ಕತ್ತರಿ ಇನ್ನೂ ಮೆಷಿನ್ ಮೇಲೇ ಇದೆ. ಚೀಲಕ್ಕೆ ಹಾಕ್ಕೊಂಡಿಲ್ಲ. ಇರ್ತಾಳೋ ಹೋಗ್ತಾಳೋ... ಕೇಳೋ ಧೈರ್ಯ ಬರ್ತಿಲ್ಲ ನನಗೆ.

ಬಂದಳು. ಕುರ್ಚಿ ಎಳೀತಿದಾಳೆ, ಬಲಗಡೆಗೆ. ಎರಡು ವರ್ಷದ್ದು ಮೊದಲಿಂದ ಹೇಳ್ತಾಳಂತೆ. ಒಂದೂ ಬಿಡಲ್ವಂತೆ. ನಡುವೆ ಹ್ಞೂಂ ಅನ್ನೋ ಹಾಗಿಲ್ಲವಂತೆ. ಯಾರ ಹತ್ರ ಮಾತಾಡ್ತಿದೀರಿ, ಆ ಫೋನ್ ಕೆಳಗಿಡಿ ಅಂ—