ಹಾಡಿದೆ, ದನಿ ಎಲ್ಲಿ?

ತಮ್ಮಾ,

ರಿಪೇರಿಯವರು ಇವತ್ತು ಹತ್ತು ಗಂಟೆಗೆ ಬಂದು ನಿನ್ನ ಕಂಪ್ಯೂಟರ್ ಒಯ್ಯುತ್ತಾರೆ, ಒಳಗಿರುವುದನ್ನೆಲ್ಲ ಅಳಿಸುತ್ತಾರಂತೆ. "ಬ್ಯಾಕಪ್ ಇದೆ ಕಣೇ ಅಕ್ಕಾ, ಮೂರು ಪ್ರತಿ" ಎಂದೆಯಲ್ಲ, ಮೂರೂ ಅದೇ ಕಂಪ್ಯೂಟರಿನಲ್ಲಿವೆ, ಜಾಣ!

ನೀನು ಕೋಣೆಯಲ್ಲಿ ರೆಕಾರ್ಡ್ ಮಾಡಿದ ಹಾಡುಗಳನ್ನು ನಾನೇ ಡಿಸ್ಕಿಗೆ ಹಾಕಿಕೊಂಡು ನಿನ್ನೆ ಸಂಜೆ ನನ್ನ ಕಂಪ್ಯೂಟರ್ ತರಗತಿಯಲ್ಲಿ ತೆರೆದೆ. ಹಾಡಿನ ಹೆಸರಿತ್ತು, ದನಿ ಇರಲಿಲ್ಲ. ದನಿಗಳ ಫೋಲ್ಡರ್ ಬೇರೆ ಇರುತ್ತದೆ ಎಂದು ಮೇಷ್ಟ್ರು ನಕ್ಕರು. ಬೆಳಿಗ್ಗೆ ಅದನ್ನೂ ಸೇರಿಸಿದ್ದೇನೆ. ಆದರೂ ನನ್ನ ಕೆಲಸದ ಮೇಲೆ ನನಗೇ ಭರವಸೆಯಿಲ್ಲ. ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ಕೇಳದೆ ಕಂಪ್ಯೂಟರ್ ಕೊಡಬೇಡ. ನಿನ್ನದರಲ್ಲಿ ಕೇಳಬೇಡ, ಅದು ಡಿಸ್ಕಿನದನ್ನು ಬಿಟ್ಟು ತನ್ನೊಳಗಿರುವ ದನಿಯನ್ನೇ ಕೇಳಿಸಿ ಯಾಮಾರಿಸುತ್ತದೆ.

ಎರಡನೇ ಹಾಡಿನ ನಡುವೆ "ನಲ್ಲಿ ನಿಲ್ಲಿಸೋ!" ಎಂದು ನಾನು ಕೂಗುವುದು ಕೇಳಿಸಿದರೆ ಎಲ್ಲವೂ ಬಂದಿದೆ ಎಂದರ್ಥ. ಅದನ್ನು ಅಳಿಸಿದ್ದೇನೆಂದು ನೀನು ಆಣೆಯಿಟ್ಟಿದ್ದೆ, ಬೆಳಿಗ್ಗೆ ನಿನ್ನ ಕಂಪ್ಯೂಟರಿನಲ್ಲಿ ನನಗೆ ಕೇಳಿಸಿತು.

ಅಕ್ಕ