ಬಾಗೇವಾಡಿ ಗಾಡಿಗೆ ಕಟ್ಟಿಗಿ ಡಬ್ಬಿ

೮ ಫೆಬ್ರುವರಿ ೧೯೭೬, ರವಿವಾರ

ಸಂಜಿ ಬಸ್ಸಿಗೆ ಬಾಗೇವಾಡಿಯಿಂದ ರೈಲ್ವೆ ಸ್ಟೇಷನ್ ಕ್ವಾರ್ಟರ್ಸಿಗೆ ವಾಪಸ್. ಮೈ ತುಂಬ ಧೂಳ. ಹೆಂಡತಿ ಗುರವ್ವ ಅಲ್ಲೇ ಊರಾಗ, ತವರುಮನ್ಯಾಗ. ಸಾಲಿ ಟೀಚರ್. ಮದುವಿ ಆಗಿ ಎರಡು ವರ್ಷ ಆತು, ನಮ್ಮ ಸಂಸಾರ ರವಿವಾರಕ್ಕೊಮ್ಮೆ. ಇಲ್ಲಿಂದ ದಿನಾ ಸಾಲಿಗೆ ಹೋಗಿ ಬರೂದು ಆಕಿಗೆ ಆಗೂದಿಲ್ಲ. ಸಣ್ಣಾಕಿ ಇದ್ದಾಗ ಜ್ವರ ಬಂದು ಎಡಗಾಲು ಸೋತೈತಿ. ಬಸ್ಸಿನ ನೂಕಾಟದಾಗ ಎರಡು ಸಲ ಬಿದ್ದಾಳ.

ಇವತ್ತ ಸುದ್ದಿ ಹೇಳಿದೆ. ಬ್ರಾಂಚ್ ಲೈನ್ ಮುಗಿಯಾಕ ಬಂತು. ಸ್ಟೇಷನ್ನಿಂದ ಮಸೂತಿ ಊರ ಮ್ಯಾಲ ಹಾದು ಬಾಗೇವಾಡಿ ತನಕ. ಜೂನಿಗೆ ಗಾಡಿ — ಮುಂಜಾನೆ ಒಂದು, ಸಂಜಿಗೊಂದು. ಡಬ್ಬಿ ಆರಿಸೂದು ನನ್ನ ಕೆಲಸ, ಡಬ್ಬಿ ತಪಾಸಣಿ ಮಾಡೋ ರೈಲ್ವೆ ಎಕ್ಸಾಮಿನರ್ ನಾನ.

“ಹಂಗಾರ ಜೂನಿಗೆ ಟ್ರಂಕ್ ಕಟ್ಟಲೇನ್ರಿ?” ಅಂದಳು.

ಪಡಸಾಲ್ಯಾಗ ಅವರವ್ವ ಕುಂತಿದ್ದಳು. ಬರೇ ಗೋಣು ಹಾಕಿದೆ.

೧೯ ಫೆಬ್ರುವರಿ, ಗದಗ

ಯಾರ್ಡಿನಾಗ ಬಿಸಲು ಈಗೇ ಶುರು. ನನ್ನ ಜೋಡಿ ಫಿಟ್ಟರ್ ಮೋದಿನಸಾಬ ಕಾಕಾ. ಎರಡು ನಮೂನಿ ಡಬ್ಬಿ ಅದಾವ. ಕಬ್ಬಿಣದವು ಹೊಸಾವು — ಫ್ಯಾನ್, ಮೆತ್ತನ ಸ್ಪ್ರಿಂಗ್, ಚಂದ ಬಣ್ಣ. ಆದ್ರ ಮೆಟ್ಟಲ ಎತ್ತರ, ಬಾಗಲ ಸಣ್ಣದು. ಕಟ್ಟಿಗೀವು ಹಳೇವು. ಫುಟ್‌ಬೋರ್ಡ್ ತಗ್ಗಿನಾಗ, ಬಾಗಲ ಅಗಲ, ಗ್ವಾಡಿಗುಂಟ ಉದ್ದನ ಬೆಂಚು. ಮಾಳಗಿ ಸೋರತಾವು.

ಕಾಕಾ ಒಂದರಾಗ ಹೋಗಿ ಕುಂತ. ಎಬ್ಬಿಸಿದ್ರ ಏಳವಲ್ಲ. “ಇದನ್ನ ಒಡದು ಕಟ್ಟಿಗಿ ಮಾರ್ತಾರಂತ್ರಿ,” ಅಂದ. ಬೆಂಚಿನ ಮ್ಯಾಲ ಕೈ ಆಡಸ್ತಿದ್ದ, ಎತ್ತಿನ ಬೆನ್ನು ಸವರಿದಂಗ.

ಕಟ್ಟಿಗೀವ ಬೇಕಂತ ಬರದು ಕೊಟ್ಟೆ. ದೊಡ್ಡ ಸಾಹೇಬರು ಓದಿ ಕನ್ನಡಕ ತಗದ್ರು. “ಹೊಸ ಲೈನಿಗೆ ಹಳೇ ಡಬ್ಬಿ? ಜನ ಬಯ್ಯೂದಿಲ್ಲೇನ್ರಿ ಬಸಂತರಾಯ?” ಸಿಟ್ಟಿಲ್ಲ, ಖರೇನ ಕೇಳಿದ್ರು.

೨೯ ಫೆಬ್ರುವರಿ, ರವಿವಾರ

ಜಗಳ. ತಪ್ಪು ನಂದೇ. ಹಿಗ್ಗಿನಾಗ ಅಂದೆ — “ನಿನ್ನ ಕಾಲಿಗೆ ಸರಿಯಾಗೋ ಡಬ್ಬಿ ಆರಿಸೇನಿ.”

ರೊಟ್ಟಿ ಬಡಿಯೂದು ನಿಲ್ಲಿಸಿದಳು. “ಊರ ಮಂದಿ ಗಾಡಿ ಅದು. ನನ್ನ ಕಾಲು ನೋಡಿ ಆರಿಸಿದ್ರ ನಾ ಹತ್ತೂದಿಲ್ಲ.”

“ಮಂದಿಗೂ ಅದೇ ಚಲೋ ಐತಿ.”

“ಮಂದೀನ ಕೇಳೀರೇನು?”

ಕೇಳಿಲ್ಲ. ಬಸ್ಸಿನಾಗ ಬರೂಮುಂದ ಅದೇ ವಿಚಾರ. ಕಟ್ಟಿಗಿ ಡಬ್ಬಿ ಖರೇನ ಚಲೋನೋ, ಇಲ್ಲಾ ನನಗ ಹೆಂಡತಿ ಮನಿಗೆ ಬೇಕಾಗ್ಯಾಳೋ… ಎರಡೂ ಇರಬೇಕು.

೨೨ ಮಾರ್ಚ್

ಮೂರು ವಾರ ಏನೂ ಬರದಿಲ್ಲ. ಎರಡು ರವಿವಾರ ಹೋಗೂ ಇಲ್ಲ.

ಇವತ್ತ ಮಸೂತ್ಯಾಗ ಸಂತಿ. ಸಾಹೇಬರಿಗೆ ಕೈಕಾಲು ಬಿದ್ದು, ಎರಡೂ ನಮೂನಿ ಒಂದೊಂದು ಡಬ್ಬಿ ಹಳಿಗೆ ಖಡಿ ಕಲ್ಲು ತರೋ ಗಾಡಿಯ ಇಂಜಿನ್ನಿಗೆ ಜೋಡಿಸಿ ಮಸೂತಿಗೆ ತಂದೆ. ಅಲ್ಲಿ ಪ್ಲ್ಯಾಟ್‌ಫಾರ್ಮ್ ಇಲ್ಲ. ಸಾಹೇಬರೂ ಬಂದ್ರು. ಗುರವ್ವಗ ತಿಳಿಸಿಲ್ಲ.

ಮೊದಲ ಕಬ್ಬಿಣದ್ದು. ಬದನಿಕಾಯಿ ಮಾರೋ ರುಕ್ಮವ್ವ ಬುಟ್ಟಿ ಹೊತ್ತು ಏರಿದಳು. ಬುಟ್ಟಿ ಬಾಗಲದಾಗ ಸಿಕ್ಕಿತು. ಒಳಗ ಸಾಹೇಬರು, ಹಿಂದ ಕೂಸು ಎತ್ತಿಕೊಂಡ ಪೀರಬಿ.

“ತಡಿಯವ್ವ, ನಾ ಮೊದಲ ಇಳೀತೇನಿ.”

“ಹ್ಯಾಂಗ ಇಳೀತೀರಿ? ಬುಟ್ಟಿ ಮ್ಯಾಲ ಹಾರ್ತೀರೇನು?”

ಕಡೀಕ ಸಾಹೇಬರೇ ಬುಟ್ಟಿ ಜಗ್ಗಿಕೊಂಡು ಒಳಗ ಇಟ್ಟರು. ಬಿಳಿ ಅಂಗಿ ಮಣ್ಣಾತು.

ಆಮ್ಯಾಲ ಕಟ್ಟಿಗೀದು. ರುಕ್ಮವ್ವ ಬುಟ್ಟಿ ಒಳಗ ತಳ್ಳಿ ತಾ ಹತ್ತಿದಳು. ಬಾಜೂಕ ಪೀರಬಿ. ಹಾಲಿನ ಕ್ಯಾನಿನವರು, ಮುದುಕರು — ಸೀಟಿ ಹೊಡಿಯೂದರಾಗ ಎಲ್ಲಾರೂ ಒಳಗ. ಸಾಹೇಬರು ಬೆಂಚಿನ ತುದೀಗೆ ಕುಂತು ಮಾಳಗಿ ನೋಡಿದ್ರು.

“ಮಳಿ ಬಂದ್ರ?”

“ಸೋರದಂಗ ಮಾಡೂದು ನನ್ನ ಜವಾಬ್ದಾರಿರಿ,” ಅಂದ ಕಾಕಾ.

“ಹಂಗಾರ ಕಟ್ಟಿಗೀವ ಇರಲಿ.”

ಕಾಕಾ ಆ ಕಡೆ ಮಾರಿ ತಿರುವಿ ಮೂಗು ಒರಸಿಕೊಂಡ.

೨೮ ಮಾರ್ಚ್, ರವಿವಾರ

ಎಲ್ಲಾ ಹೇಳಿದೆ. ಬುಟ್ಟಿ ಸುದ್ದಿಗೆ ನಕ್ಕಳು. ಭಾಳ ದಿನದ ಮ್ಯಾಲ ಆ ನಗಿ… ಟ್ರಂಕಿಗೆ ಕೀಲಿ ತಗೊಂಬರ್ರಿ ಅಂದಳು.

೭ ಜೂನ್

ಗಾಡಿ ಓಡೋ ಮೊದಲ ದಿವಸ. ಸಂಜಿಗೆ ಗುರವ್ವನ್ನ ಕರಕೊಂಡು ಬರಾಕ ಬಾಗೇವಾಡಿಗೆ ಹೋಗಿದ್ದೆ. ಟ್ರಂಕ್ ಒಳಗ ಇಟ್ಟೆ. ಆಕಿ ಫುಟ್‌ಬೋರ್ಡ್ ಮ್ಯಾಲ ಕಾಲಿಟ್ಟು ಹಿಡಿಯಾಕ ಕೈ ಆಡಿಸಿದಳು. ಏನೂ ಇಲ್ಲ. ಇದ್ದ ಹಿಡಿಕಿ ಮ್ಯಾಲ, ಗಂಡಸರ ಎತ್ತರಕ್ಕ. ಕಾಲು ನೋಡಿದ ನಾ ಕೈ ಮರತಿದ್ದೆ.

ಕೈ ಚಾಚಿದೆ. ಕೈಯಾಗ ಚೀಲ ಕೊಟ್ಟಳು. ಕಟ್ಟಿ ಮ್ಯಾಲ ಕುಂತಂಗ ಬಾಗಲದಾಗ ಕುಂತು, ಕಾಲು ಒಳಗ ತಗೊಂಡು, ಎದ್ದಳು. ಮಂದಿ ನೋಡ್ತಿದ್ರು. ಆಕಿ ಮಾರಿ ಕೆಂಪಾಗಿತ್ತು.

ಮಸೂತಿ ದಾಟಿದ ಮ್ಯಾಲ ಅಂದೆ, “ನಾಳೆ ತಗ್ಗಿನಾಗ ಒಂದು ಹಿಡಿಕಿ ಹಚ್ಚಸ್ತೇನಿ.”

“ಹಚ್ಚಿದ್ರ ಎಲ್ಲಾ ಬಾಗಲಕ್ಕೂ ಹಚ್ರಿ. ನಾ ಹತ್ತೋ ಬಾಗಲಕ್ಕಷ್ಟ ಬ್ಯಾಡ.”

೧೨ ಜೂನ್

ಹಿಡಿಕಿ ಆದವು, ಎಲ್ಲಾ ಬಾಗಲಕ್ಕೂ. ಕಾಕಾ ಅಳತಿಗೆ ಮನೀಗೆ ಬಂದಿದ್ದ. “ನಂದು ಬ್ಯಾಡ ಕಾಕಾ, ಪೀರಬಿದು ತಗೋರಿ, ಆಕಿ ಗಿಡ್ಡಾಕಿ,” ಅಂದಳು ಗುರವ್ವ. ಕಾಕಾಗ ಚಾ ಕೊಟ್ಟಳು. ನಮ್ಮನ್ಯಾಗ, ನಮ್ಮ ಕಪ್ಪು-ಬಸಿಯಾಗ.

೧೪ ಜೂನ್, ಸಂಜಿ

ಸ್ಟೇಷನ್ನಿಗೆ ಎದರಿಗೆ ಬರಬ್ಯಾಡ್ರಿ ಅಂದಾಳ. ನಡಕೊಂಡು ಬರ್ತೇನಿ, ನೀವು ರೊಟ್ಟಿಗೆ ಎಸರು ಇಡ್ರಿ ಅಂದಾಳ. ಇಟ್ಟೇನಿ. ಮಳಿ ಸಣ್ಣಗ ಐತಿ. ಗಾಡಿ ಬಂದು ನಿಂತು ಹೊತ್ತಾತು. ಖಿಡಕ್ಯಾಗ ನಿಂತು ನೋಡಬಾರದಂತ ಬರ್ಕೋತ ಕುಂತೇನಿ. ಮಂದಿ ಮಾತಾಡ್ಕೋತ ಹೊಂಟಾರ, ರುಕ್ಮವ್ವನ ದನಿ… ಹಿಂದ ಆಕಿ ನಡಿಗಿ. ಒಂದು ಹೆಜ್ಜಿ ಗಟ್ಟಿ, ಒಂದು ಮೆತ್ತಗ. ಎಸರು ಕುದಿಯಾಕತ್ತೈತಿ, ಬಾಗಲ ತಗೀಬೇಕು —